ನಲವತ್ತಾರಕ್ಕೆ ಎಂಟು: ಪರ್ಡ್ಯೂ ತಂಡಕ್ಕೆ ರೆಫರಿಗಳು ನಿಜವಾಗಿಯೂ ಒಲಿದಿದ್ದರೇ?

ವಾಬಾಷ್ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿ, ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್‌ನಲ್ಲಿಯೇ ಕೆಲಸಕ್ಕೆ ಸೇರಿದವನಾದ್ದರಿಂದ ಈ ಊರಿನ ಬ್ಯಾಸ್ಕೆಟ್‌ಬಾಲ್ ತಂಡ ನನಗೆ ಮನೆಯ ತಂಡವೇ ಆಗಿಹೋಗಿದೆ. ನನ್ನ ಭಾವ ಓದಿದ್ದು ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಈ ಎರಡು ತಂಡಗಳ ಹಳೆಯ ಜಿದ್ದು ನಮ್ಮ ಮನೆಯ ಊಟದ ಮೇಜಿನವರೆಗೂ ಬಂದಿದೆ.

ಭಾವನವರ ವಾದ ಒಂದೇ. 2023-24ರ ಋತುವಿನಲ್ಲಿ ಪರ್ಡ್ಯೂ ರಾಷ್ಟ್ರೀಯ ಫೈನಲ್‌ವರೆಗೆ ಹೋದದ್ದು ಆಟದ ಬಲದಿಂದಲ್ಲ, ರೆಫರಿಗಳ ಸೀಟಿಯ ಬಲದಿಂದ ಎನ್ನುತ್ತಾರೆ. ಅದಕ್ಕೆ ಅವರು ಪ್ರತಿ ಬಾರಿಯೂ ಮುಂದಿಡುವ ಸಾಕ್ಷಿ 2024ರ ಜನವರಿ 31ರಂದು ಇಲ್ಲಿನ ಮ್ಯಾಕಿ ಅರೀನಾದಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ನಡೆದ ಪಂದ್ಯ. ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯವನ್ನು ಪರ್ಡ್ಯೂ 105-96ರಿಂದ ಗೆದ್ದಿತು. ನಮಗೆ 46 ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ರಿಂಗಿಗೆ ಎಸೆಯಲು ಸಿಗುವ ಅವಕಾಶ), ಅವರಿಗೆ ಬರೀ 8. ನಾರ್ತ್‌ವೆಸ್ಟರ್ನ್ ಕೋಚ್ ಕ್ರಿಸ್ ಕಾಲಿನ್ಸ್ ಕೊನೆಯ ಕ್ಷಣಗಳಲ್ಲಿ ರೆಫರಿಗಳ ಮೇಲೆ ಹರಿಹಾಯ್ದು ಅಂಕಣದಿಂದ ಹೊರಗೆ ಕಳುಹಿಸಲ್ಪಟ್ಟರು. ನಾನು ಅಂದು ಮೇಲಿನ ಸಾಲಿನಲ್ಲಿ ಕುಳಿತು ಅದನ್ನು ಕಣ್ಣಾರೆ ನೋಡಿದೆ. ಗೆದ್ದ ಸಂತೋಷ ಇತ್ತು, ಆದರೆ ಆ 46 ಮತ್ತು 8 ಎಂಬ ಅಂಕಿಗಳು ನನ್ನ ಮನಸ್ಸಿನಲ್ಲಿಯೂ ಒಂದು ಮುಳ್ಳನ್ನು ಬಿಟ್ಟುಹೋದವು ಎಂಬುದನ್ನು ಮುಚ್ಚಿಡಲಾರೆ.

ನನ್ನ ಕಡೆಯ ವಾದವೂ ಇದೆ. ಆಗ ನಮ್ಮ ತಂಡದಲ್ಲಿದ್ದ ಝ್ಯಾಕ್ ಈಡಿಯಂತಹ 7 ಅಡಿ 4 ಅಂಗುಲದ ಆಟಗಾರನನ್ನು ತಡೆಯಲು ಎದುರಾಳಿಗಳು ಬೆನ್ನಿಗೆ ಮೊಣಕೈ ಊರುತ್ತಾರೆ, ತೊಡೆಗೆ ಮೊಣಕಾಲು ಕೊಡುತ್ತಾರೆ, ಕೈಗೆ ಜೋತುಬೀಳುತ್ತಾರೆ. ಅದರಲ್ಲಿ ಎಷ್ಟೋ ಫೌಲ್‌ಗಳಿಗೆ ಸೀಟಿಯೇ ಮೊಳಗುವುದಿಲ್ಲ. ಆತ ಬಿದ್ದರೆ ತಾನೇ ಫೌಲ್ ಕಾಣುವುದು? ಆತ ಬೀಳುವುದೇ ಇಲ್ಲ. ನಾನು ಹೀಗೆಂದಾಗಲೆಲ್ಲ ಭಾವ ನಕ್ಕುಬಿಡುತ್ತಾರೆ. ರೆಫರಿಯ ತೀರ್ಪಿಗೆ ಸಿಟ್ಟಾಗಿ 1985ರ ಫೆಬ್ರುವರಿ 23ರಂದು ಅವರದೇ ಕೋಚ್ ಬಾಬ್ ನೈಟ್, ಪರ್ಡ್ಯೂ ಆಟಗಾರ ಫ್ರೀ ಥ್ರೋ ಹಾಕಲು ನಿಂತಿದ್ದಾಗ ಕುರ್ಚಿಯನ್ನೇ ಅಂಕಣಕ್ಕೆ ಎಸೆದದ್ದನ್ನು ನಾನು ನೆನಪಿಸುತ್ತೇನೆ. ಮಾತು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ಇದನ್ನು ಪಕ್ಷಪಾತವಿಲ್ಲದೆ ಅಳೆಯುವ ದಾರಿ ಯಾವುದು? ಫ್ರೀ ಥ್ರೋಗಳ ಲೆಕ್ಕದಿಂದ ರೆಫರಿಯ ಒಲವು ಗೊತ್ತಾಗುತ್ತದೆಯೇ? ನಾವು ಹದಿನಾಲ್ಕು ಸಾವಿರ ಜನ ಒಟ್ಟಿಗೆ ಕೂಗುವುದರಿಂದ ಸೀಟಿ ನಮ್ಮ ಕಡೆಗೆ ವಾಲುತ್ತದೆಯೇ? ಆಟ ಬಲ್ಲವರು ದಯವಿಟ್ಟು ತಿಳಿಸಿ.

ಹಳೆಯ ಸೀಟಿ

ನಮಸ್ಕಾರ ಸರ್. ನಾನು ಮೈಸೂರಿನವನು. ಹಲವು ವರ್ಷ ಅಂತರ ಕಾಲೇಜು ಪಂದ್ಯಗಳಿಗೆ ರೆಫರಿಯಾಗಿದ್ದೆ. ಈಗ ಶಿಕಾಗೋ ಬಳಿಯಿರುವ ಮಗಳ ಮನೆಗೆ ಬಂದಾಗಲೆಲ್ಲ ಇಲ್ಲಿನ ಕಾಲೇಜು ಪಂದ್ಯಗಳನ್ನು ಬಿಡದೆ ನೋಡುತ್ತೇನೆ. ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಂಕಣದ ಗೆರೆಗಳನ್ನು ನೋಡೋಣ. ರಿಂಗಿನ ಕೆಳಗೆ ಬಣ್ಣ ಬಳಿದ ಪಟ್ಟಿ ಇದೆಯಲ್ಲ, ದಾಳಿ ಮಾಡುವ ತಂಡದವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗ, ಅದರ ಅಗಲ ಅಮೆರಿಕದ ಕಾಲೇಜು ಪಂದ್ಯಗಳಲ್ಲಿ 12 ಅಡಿ ಮಾತ್ರ. ನಾವು ಊರಿನಲ್ಲಿ ಅನುಸರಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಅದು 4.9 ಮೀಟರ್, ಅಂದರೆ ಸುಮಾರು 16 ಅಡಿ. ನಮ್ಮ ಕಾಲದಲ್ಲಂತೂ ಆ ಪಟ್ಟಿ ಕೆಳಗೆ ಬಂದಂತೆ ಅಗಲವಾಗಿ, ಬೇಸ್‌ಲೈನ್ (ರಿಂಗಿನ ಹಿಂದಿರುವ ಅಂಕಣದ ಅಂಚಿನ ಗೆರೆ) ಬಳಿ 6 ಮೀಟರ್ ಆಗುತ್ತಿತ್ತು. ಅದಕ್ಕೇ ನಾನು ಮೊದಲ ಸಲ ಈಡಿಯ ಆಟ ನೋಡಿದಾಗ ಮನಸ್ಸಿನಲ್ಲಿಯೇ ಹತ್ತು ಸಲ ಮೂರು ಸೆಕೆಂಡಿನ ಸೀಟಿ ಊದಿದ್ದೆ. ಆಮೇಲೆ ಅವನ ಪಾದಗಳನ್ನು ಗಮನಿಸಿದರೆ, ಅವು ಗೆರೆಯ ಹೊರಗೇ ಇದ್ದವು. ಗೆರೆಯ ಹೊರಗೆ ನಿಂತರೂ ಈ ಕಿರಿದಾದ ಪಟ್ಟಿಯಲ್ಲಿ ರಿಂಗ್ ಅವನಿಗೆ ಒಂದೇ ಹೆಜ್ಜೆಯ ದೂರದಲ್ಲಿರುತ್ತದೆ. ಅಲ್ಲಿ ಅವನ ಕೈಗೆ ಚೆಂಡು ಸಿಕ್ಕಿದರೆ ಎದುರಾಳಿಗೆ ಉಳಿಯುವುದು ಎರಡೇ ದಾರಿ, ಒಂದೋ ಅಂಕ ಬಿಟ್ಟುಕೊಡಬೇಕು, ಇಲ್ಲವೇ ಹಿಡಿದು ನಿಲ್ಲಿಸಬೇಕು. ಆ ವರ್ಷ ಅವನು ಪಂದ್ಯಕ್ಕೆ ಸರಾಸರಿ 25ಕ್ಕಿಂತ ಹೆಚ್ಚು ಅಂಕ ಗಳಿಸಿ ದೇಶದಲ್ಲಿಯೇ ಮೊದಲಿಗನಾಗಿದ್ದರಲ್ಲಿಯೂ, ಅಷ್ಟೊಂದು ಫ್ರೀ ಥ್ರೋ ಪಡೆದದ್ದರಲ್ಲಿಯೂ ಕೆಲಸ ಮಾಡಿದ್ದು ಈ ಒಂದೇ ಕಾರಣ.

ಎರಡನೆಯದು ಲೆಕ್ಕದ ಮಾತು. ಫ್ರೀ ಥ್ರೋಗಳ ಸಂಖ್ಯೆ ಎರಡೂ ತಂಡಗಳಿಗೆ ಸಮನಾಗಿರಬೇಕು ಎಂಬ ನಿರೀಕ್ಷೆಯೇ ತಪ್ಪು. ದೂರದಿಂದ ಎಸೆಯುವ ತಂಡಕ್ಕೆ ಫೌಲ್ ಸಿಗುವುದು ಕಡಿಮೆ, ಏಕೆಂದರೆ ಅಲ್ಲಿ ಮೈಗೆ ಮೈ ತಗಲುವುದೇ ಕಡಿಮೆ. ನಾರ್ತ್‌ವೆಸ್ಟರ್ನ್ ತಂಡದ ಬಲ ಇದ್ದದ್ದು ಅದರ ಗಾರ್ಡ್‌ಗಳ, ಅಂದರೆ ರಿಂಗಿನಿಂದ ದೂರ ನಿಂತು ಆಡುವವರ, ಹೊರಗಿನ ಆಟದಲ್ಲಿ. ಅದರ ಜೊತೆಗೆ ಕಾಲೇಜು ನಿಯಮದಲ್ಲಿ ಫೌಲ್ ಲೆಕ್ಕ ಅರ್ಧಾವಧಿಯದು. ಒಂದು ಅರ್ಧದಲ್ಲಿ ತಂಡದ ಏಳನೆಯ ಫೌಲ್‌ನಿಂದ ಎದುರಾಳಿಗೆ ಒಂದು ಫ್ರೀ ಥ್ರೋ, ಅದು ಬಿದ್ದರೆ ಇನ್ನೊಂದು. ಹತ್ತನೆಯದರಿಂದ ನೇರವಾಗಿ ಎರಡು. ಒಂದು ತಂಡ ಬೇಗ ಏಳನ್ನು ದಾಟಿದರೆ ಆ ಮೇಲಿನ ಪ್ರತಿಯೊಂದು ಸಣ್ಣ ತಳ್ಳಾಟವೂ ಫ್ರೀ ಥ್ರೋ ಆಗುತ್ತದೆ. ಹಿಂದೆ ಬಿದ್ದ ತಂಡ ಗಡಿಯಾರ ನಿಲ್ಲಿಸಲೆಂದು ಕೊನೆಯಲ್ಲಿ ಬೇಕೆಂದೇ ಮಾಡುವ ಫೌಲ್‌ಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಹಾಗೆಂದು 46ಕ್ಕೆ 8 ಎಂಬ ಅಂತರ ಸರಿಯಾದದ್ದು ಎಂದು ನಾನು ತೀರ್ಪು ಕೊಡುತ್ತಿಲ್ಲ. ಆ ಅಂತರವನ್ನು ನೋಡಿ ಒಬ್ಬ ಕೋಚ್‌ಗೆ ಸಿಟ್ಟು ಬರುವುದು ಸಹಜ. ಆದರೆ ಸಂಖ್ಯೆ ಸಂಶಯವನ್ನು ಮೂಡಿಸಬಲ್ಲದೇ ಹೊರತು ತೀರ್ಪನ್ನು ಕೊಡಲಾರದು. ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ಐದು ನಿಮಿಷದಲ್ಲಿ ಬೆನ್ನಿನ ಮೇಲಿಟ್ಟ ಮುಂಗೈಯನ್ನು ರೆಫರಿ ಫೌಲ್ ಎಂದು ಕರೆದರೇ, ಬಿಟ್ಟರೇ? ಕೊನೆಯ ಐದು ನಿಮಿಷದಲ್ಲಿ ಅದೇ ಮುಂಗೈಗೆ ಏನು ಮಾಡಿದರು? ಈ ತುದಿಯಲ್ಲಿ ಕರೆದದ್ದನ್ನು ಆ ತುದಿಯಲ್ಲಿಯೂ ಕರೆದರೇ? ಆಟಗಾರರು ಕಠಿಣ ರೆಫರಿಗೂ ಹೊಂದಿಕೊಳ್ಳುತ್ತಾರೆ, ಸಡಿಲ ರೆಫರಿಗೂ ಹೊಂದಿಕೊಳ್ಳುತ್ತಾರೆ. ಹೊತ್ತಿಗೊಂದು ಬಗೆಯ ರೆಫರಿಗೆ ಯಾರೂ ಹೊಂದಿಕೊಳ್ಳಲಾರರು.

ಈಡಿಗೆ ಆದ ಎಷ್ಟೋ ಫೌಲ್‌ಗಳು ಕಾಣುವುದಿಲ್ಲ ಎಂದಿರಲ್ಲ, ಅದರಲ್ಲಿ ಸತ್ಯವಿದೆ. ಮೂವರು ರೆಫರಿಗಳಲ್ಲಿ ಒಬ್ಬರು ಬೇಸ್‌ಲೈನ್‌ನಲ್ಲಿ, ಒಬ್ಬರು ಪಕ್ಕದ ಗೆರೆಯ ಬಳಿ, ಒಬ್ಬರು ಹಿಂದೆ ನಿಂತಿರುತ್ತಾರೆ. ಎರಡು ದೇಹಗಳ ನಡುವಿನ ಸಂದು ಕಾಣುವ ಕೋನದಲ್ಲಿ ನಿಂತವನಿಗೆ ಮಾತ್ರ ಯಾರು ಯಾರನ್ನು ದೂಡಿದರು ಎಂಬುದು ತಿಳಿಯುತ್ತದೆ. ಬೆನ್ನ ಹಿಂದೆ ನಿಂತವನಿಗೆ ಕಾಣುವುದು ಪರಿಣಾಮ ಮಾತ್ರ, ಒಬ್ಬ ಬಿದ್ದನೋ ಇಲ್ಲವೋ ಎಂಬುದಷ್ಟೇ. ಸುಮಾರು 135 ಕಿಲೋ ತೂಗುವವನು ದೂಡಿದರೂ ಅಲುಗದಿದ್ದಾಗ ರೆಫರಿಯ ಕೈ ಸೀಟಿಯ ಕಡೆಗೆ ಹೋಗುವುದಿಲ್ಲ. ಅದೇ ಅವನು ಭುಜ ತಿರುಗಿಸಿದರೆ ಸಾಕು, ಸಣ್ಣ ಆಟಗಾರ ಎರಡು ಹೆಜ್ಜೆ ಹಿಂದೆ ಹಾರುತ್ತಾನೆ, ಅಪರಾಧಿ ಈಡಿಯೇ ಎಂದು ಎಲ್ಲರಿಗೂ ತೋರುತ್ತದೆ. ಎರಡು ಕಡೆಯ ಅಭಿಮಾನಿಗಳೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡದ್ದು ಅರ್ಧ ಅಷ್ಟೇ.

ಜನರ ಕೂಗಿನ ವಿಚಾರಕ್ಕೆ ಬಂದರೆ, ನನ್ನ ಅನುಭವವನ್ನೇ ಹೇಳುತ್ತೇನೆ. ಒಮ್ಮೆ ಒಂದು ಕಾಲೇಜಿನ ಸಿಮೆಂಟ್ ಅಂಕಣದಲ್ಲಿ ಫೈನಲ್ ಪಂದ್ಯ. ಆತಿಥೇಯ ತಂಡದ ಹುಡುಗ ರಿಂಗಿನತ್ತ ನುಗ್ಗಿದ, ಎದುರಾಳಿ ಮುಂದೆ ನಿಂತ, ಇಬ್ಬರೂ ಬಿದ್ದರು. ಸುತ್ತ ನಿಂತ ಜನರೆಲ್ಲ ಒಮ್ಮೆಲೇ ಕೂಗಿದರು, ನಾನು ಸೀಟಿ ಊದಿ ತಡೆದವನ ಮೇಲೆ ಫೌಲ್ ಹಾಕಿದೆ. ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ಆ ಕ್ಷಣವನ್ನು ನೆನೆದಾಗ, ತಡೆದವನ ಪಾದಗಳು ಎಲ್ಲಿದ್ದವೆಂಬುದು ನನಗೆ ನೆನಪಿಗೇ ಬರಲಿಲ್ಲ. ನಾನು ಪಾದ ನೋಡಿಯೇ ಇರಲಿಲ್ಲ. ಕೂಗು ಮೊದಲು ಬಂದಿತ್ತು, ಸೀಟಿ ಅದರ ಹಿಂದೆ ಹೋಗಿತ್ತು. ಆ ಹುಡುಗನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಆದ್ದರಿಂದ ಕೂಗಿನಿಂದ ಸೀಟಿ ವಾಲುವುದಿಲ್ಲ ಎಂದು ನಾನು ಹೇಳಲಾರೆ. ವಾಲುತ್ತದೆ, ಅದೂ ಇಬ್ಬರೂ ತಾಗಿದ ಅರೆಬರೆ ಸಂದರ್ಭಗಳಲ್ಲಿಯೇ ಹೆಚ್ಚು. 2023-24ರಿಂದ ಇಲ್ಲಿ ನಿಯಮವನ್ನು ಬಿಗಿಮಾಡಿದ್ದಾರೆ: ದಾಳಿಕಾರ ಮೇಲಕ್ಕೆ ಹಾರಲು ಪಾದ ಊರುವ ಹೊತ್ತಿಗೇ ತಡೆಯುವವನು ತನ್ನ ಜಾಗದಲ್ಲಿ ನಿಂತಿರಬೇಕು. ಇದರಿಂದ ರೆಫರಿಗೆ ನೋಡಲು ಒಂದು ಖಚಿತವಾದ ಗುರುತಾದರೂ ಸಿಕ್ಕಿದೆ.

ಹಾರ್ಟ್‌ಫರ್ಡ್ ನಿವಾಸಿ

ಹಿರಿಯರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಕನೆಕ್ಟಿಕಟ್ ತಂಡದ ಅಭಿಮಾನಿ, ಅಂದರೆ 2024ರ ಏಪ್ರಿಲ್ 8ರಂದು ಅರಿಝೋನಾದ ಗ್ಲೆಂಡೇಲ್‌ನಲ್ಲಿ ನಿಮ್ಮನ್ನು 75-60ರಿಂದ ಸೋಲಿಸಿದ ತಂಡದ ಕಡೆಯವನು. ಗೆದ್ದವರ ಮಾತು ಎಂದು ಬೇಸರಿಸಿಕೊಳ್ಳಬೇಡಿ. ರೆಫರಿಗಳ ಚರ್ಚೆಯಲ್ಲಿ ಆಟವೇ ಮರೆತುಹೋಗುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಆ ಫೈನಲ್‌ನಲ್ಲಿ ಈಡಿ 37 ಅಂಕ ಗಳಿಸಿದರು. ಪರ್ಡ್ಯೂ ತಂಡದ ಉಳಿದವರೆಲ್ಲ ಸೇರಿ ಗಳಿಸಿದ್ದು 23. ಇಡೀ ಪಂದ್ಯದಲ್ಲಿ ಪರ್ಡ್ಯೂ ಎಸೆದ ತ್ರೀ ಪಾಯಿಂಟರ್‌ಗಳು (ಮೂರು ಅಂಕದ ದೂರದ ಎಸೆತಗಳು) ಏಳು, ಬಿದ್ದದ್ದು ಒಂದು. ಆ ಋತುವಿನಲ್ಲಿ ದೂರದ ಎಸೆತದಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿದ್ದ ತಂಡವದು! ನಮ್ಮ ಕೋಚ್ ಡ್ಯಾನ್ ಹರ್ಲಿ ಮಾಡಿದ ಯೋಜನೆ ಹೇಳಲು ಸುಲಭ, ಮಾಡಲು ಕಷ್ಟ. 7 ಅಡಿ 2 ಅಂಗುಲದ ಡಾನವನ್ ಕ್ಲಿಂಗನ್ ಅವರನ್ನು ಈಡಿಯ ಬೆನ್ನಿಗೆ ಒಬ್ಬರನ್ನೇ ಬಿಟ್ಟು, ಉಳಿದ ನಾಲ್ವರು ಸಹಾಯಕ್ಕೆ ಓಡದೆ ತಮ್ಮ ತಮ್ಮ ಆಟಗಾರನಿಗೆ ಅಂಟಿಕೊಂಡೇ ನಿಂತರು. ಬೇರೆ ತಂಡಗಳು ಈಡಿಗೆ ಇಬ್ಬರು ಮೂವರನ್ನು ಹಚ್ಚುತ್ತಿದ್ದವು, ಆಗ ಹೊರಗೆ ಒಬ್ಬ ಬಿಡುವಾಗಿ ನಿಂತಿರುತ್ತಿದ್ದ, ಚೆಂಡು ಅವನ ಕೈ ಸೇರುತ್ತಿತ್ತು. ಆ ರಾತ್ರಿ ಈಡಿ ಚೆಂಡು ಹಿಡಿದು ತಲೆ ಎತ್ತಿ ನೋಡಿದರೆ ಯಾರೂ ಬಿಡುವಾಗಿರಲಿಲ್ಲ. ಫ್ಲೆಚರ್ ಲಾಯರ್ ಅವರಂತಹ ಎಸೆತಗಾರ ಒಂದೂ ಅಂಕ ಗಳಿಸದೆ ಹೊರಬಂದರು. ಆ ಪಂದ್ಯದಲ್ಲಿ ಎರಡೆರಡು ಅಂಕ ಕೊಟ್ಟು ಮೂರು ಮೂರು ಅಂಕ ಉಳಿಸಿಕೊಂಡ ಲೆಕ್ಕಾಚಾರವೇ ಕಪ್ ಗೆದ್ದುಕೊಟ್ಟಿತು. ಅದರಲ್ಲಿ ರೆಫರಿಯ ಪಾತ್ರ ಎಲ್ಲಿದೆ?

ಇದಕ್ಕೆ ಒಂದು ವರ್ಷ ಮೊದಲಿನ ಸೋಲನ್ನೂ ಪಕ್ಕಕ್ಕಿಟ್ಟು ನೋಡಿ. 2023ರ ಮಾರ್ಚ್ 17ರಂದು ಕೊಲಂಬಸ್‌ನಲ್ಲಿ ಟೂರ್ನಿಯ ತನ್ನ ವಿಭಾಗದಲ್ಲಿ ಕೊನೆಯದಾದ ಹದಿನಾರನೆಯ ಶ್ರೇಯಾಂಕದ ಫೇರ್‌ಲೀ ಡಿಕಿನ್ಸನ್ ತಂಡ ಮೊದಲ ಶ್ರೇಯಾಂಕದ ಪರ್ಡ್ಯೂವನ್ನು 63-58ರಿಂದ ಸೋಲಿಸಿತು. ಅಂತಹದ್ದು ಪುರುಷರ ಟೂರ್ನಿಯಲ್ಲಿ ಅದಕ್ಕೂ ಮುನ್ನ ಒಂದೇ ಸಲ, 2018ರಲ್ಲಿ ವರ್ಜೀನಿಯಾ ಸೋತಾಗ, ನಡೆದಿತ್ತು. ಆ ಗಿಡ್ಡ ಆಟಗಾರರ ತಂಡ ಈಡಿಯನ್ನು ಹಿಂದೆ ಮುಂದೆ ಎರಡು ಕಡೆಯಿಂದ ಮುತ್ತಿ, ಹೊರಗಿನವರು ಎಸೆಯಲಿ ಬಿಡಿ ಎಂದಿತು. ಪರ್ಡ್ಯೂ 26 ತ್ರೀ ಪಾಯಿಂಟರ್ ಎಸೆದು 5 ಮಾತ್ರ ಹಾಕಿತು. ಒಮ್ಮೆ ಎಸೆತಕ್ಕೆ ಜಾಗವಿದ್ದೂ ಬೀಳಲಿಲ್ಲ, ಇನ್ನೊಮ್ಮೆ ಎಸೆಯಲು ಜಾಗವೇ ಸಿಗಲಿಲ್ಲ. ಎರಡು ಸಲವೂ ಫಲಿತಾಂಶ ನಿರ್ಧಾರವಾದದ್ದು ಈಡಿಯ ಸುತ್ತಲಿನ ನಾಲ್ವರ ಕೈಯಲ್ಲಿ.

ನಿಮ್ಮ ತಂಡದ ಬಗ್ಗೆ ನನಗೆ ಗೌರವ ಮೂಡಿದ್ದೂ ಇದೇ ಕಾರಣಕ್ಕೆ. ಆಟಗಾರರು ವರ್ಷಕ್ಕೊಂದು ವಿಶ್ವವಿದ್ಯಾಲಯ ಬದಲಿಸುವ ಈ ಕಾಲದಲ್ಲಿ, ಆ ಅವಮಾನದ ನಂತರವೂ ಈಡಿ, ಬ್ರೇಡನ್ ಸ್ಮಿತ್, ಲಾಯರ್ ಮೂವರೂ ಅಲ್ಲಿಯೇ ಉಳಿದರು. ನಿಮ್ಮ ಕೋಚ್ ಮ್ಯಾಟ್ ಪೇಂಟರ್ ಹೊರಗಿನಿಂದ ಲ್ಯಾನ್ಸ್ ಜೋನ್ಸ್ ಅವರನ್ನು ಕರೆತಂದು, ಅದೇ ತಂಡವನ್ನು ಮರುವರ್ಷ ಫೈನಲ್‌ಗೆ ಮುಟ್ಟಿಸಿದರು. 1969ರ ನಂತರ ಪರ್ಡ್ಯೂ ಆಡಿದ ಮೊದಲ ಫೈನಲ್ ಅದು. ಇಂತಹ ಸಾಧನೆಯನ್ನು ಸೀಟಿಯ ಲೆಕ್ಕದಲ್ಲಿ ಕಳೆಯುವುದು ಆ ಹುಡುಗರಿಗೆ ಮಾಡುವ ಅನ್ಯಾಯ ಎಂದು ನಿಮ್ಮ ಭಾವನವರಿಗೆ ಎದುರಾಳಿ ತಂಡದ ಅಭಿಮಾನಿಯೊಬ್ಬ ಹೇಳಿದನೆಂದು ತಿಳಿಸಿ.

ಕಪ್ಪು-ಹೊನ್ನು

ನಾನು ಹುಬ್ಬಳ್ಳಿಯವಳು. ಪರ್ಡ್ಯೂನಲ್ಲಿ ಎಂ.ಎಸ್. ಮಾಡುವಾಗ ಎರಡು ವರ್ಷ ವಿದ್ಯಾರ್ಥಿಗಳ ಗ್ಯಾಲರಿಯಾದ ಪೇಂಟ್ ಕ್ರೂ ಜೊತೆ ನಿಂತು ಪಂದ್ಯ ನೋಡಿದವಳು. ಬೆಂಬಲದ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ನೀವೆಲ್ಲ ನನಗಿಂತ ಚೆನ್ನಾಗಿ ಬಲ್ಲಿರಿ.

ಮ್ಯಾಕಿ ಅರೀನಾ 1967ರ ಡಿಸೆಂಬರ್‌ನಲ್ಲಿ ಪ್ರಾರಂಭವಾದ ಕಟ್ಟಡ. ಮೊದಲ ಪಂದ್ಯಕ್ಕೆ ಬಂದ ಎದುರಾಳಿ, ಪರ್ಡ್ಯೂನಲ್ಲಿಯೇ ಆಡಿ ಬೆಳೆದ ಜಾನ್ ವುಡನ್ ತರಬೇತಿಯ ಯು.ಸಿ.ಎಲ್.ಎ. ತಂಡ. ನಾವು ಎರಡೇ ಅಂಕದಿಂದ ಸೋತೆವು ಎಂಬುದನ್ನು ಅಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಗುಮ್ಮಟದ ಕೆಳಗೆ ಶಬ್ದ ಹೊರಗೆ ಹೋಗುವುದೇ ಇಲ್ಲ. ನಮ್ಮವರು ಡಿಫೆನ್ಸ್ ಮಾಡುವಾಗ ಎಲ್ಲರೂ ಕಾಲು ಬಡಿದರೆ ಮೊಣಕಾಲಿನವರೆಗೂ ನಡುಕ ಏರುತ್ತದೆ. ಪಕ್ಕದಲ್ಲಿ ನಿಂತ ಗೆಳತಿ ಕಿವಿಗೆ ಬಾಯಿ ಹಚ್ಚಿ ಹೇಳಿದರೂ ಕೇಳಿಸುವುದಿಲ್ಲ. ಎದುರಾಳಿಯ ಪಾಯಿಂಟ್ ಗಾರ್ಡ್ ತನ್ನ ಕೋಚ್ ಕೂಗಿದ್ದು ಕೇಳದೆ, ಬೆಂಚಿನ ಕಡೆಗೆ ಕೈ ಚಾಚಿ ಏನು ಎಂದು ಕೇಳುತ್ತಿರುವಾಗಲೇ ಎಸೆತಕ್ಕೆ ಸಿಗುವ 30 ಸೆಕೆಂಡಿನ ಗಡಿಯಾರ ಕರಗುತ್ತಿರುತ್ತದೆ. ನನ್ನ ಮಟ್ಟಿಗೆ ಬೆಂಬಲದ ನಿಜವಾದ ಫಲ ಇದು. 2023-24ರಲ್ಲಿ ಪರ್ಡ್ಯೂ ಈ ಅಂಕಣದಲ್ಲಿ ಒಂದೂ ಪಂದ್ಯ ಸೋಲಲಿಲ್ಲ, ಸೋತದ್ದೆಲ್ಲ ಹೊರಗೆ.

ಆದರೆ ಇದೇ ಗಂಟಲು ಬೇರೆ ಕೆಲಸವನ್ನೂ ಮಾಡುತ್ತದೆ. ಒಂದು ಪಂದ್ಯದಲ್ಲಿ ನನ್ನ ಹಿಂದಿನ ಸಾಲಿನವರೊಬ್ಬರು ಬೇಸ್‌ಲೈನ್ ಬಳಿ ನಿಂತ ರೆಫರಿಯನ್ನು ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಬೈಯುತ್ತಲೇ ಇದ್ದರು. ಆಟ ಏನಾಯಿತೆಂದು ಅವರು ನೋಡಲೇ ಇಲ್ಲ. ನಮ್ಮ ಹುಡುಗನೊಬ್ಬ ನೆಲಕ್ಕೆ ಬಿದ್ದು ಚೆಂಡು ಉಳಿಸಿದಾಗ ಇಡೀ ಅರೀನಾ ಎದ್ದು ನಿಂತಿತ್ತು, ಅವರು ಮಾತ್ರ ಅದಕ್ಕೂ ಮೊದಲಿನ ಫೌಲ್ ಬಗ್ಗೆ ಕೂಗುತ್ತಿದ್ದರು. ಆ ರೆಫರಿಗಳು ಯಾವ ಒಂದು ತಂಡದ ನೌಕರರೂ ಅಲ್ಲ. ಪಂದ್ಯದ ಲೆಕ್ಕದಲ್ಲಿ ಸಂಭಾವನೆ ಪಡೆದು, ಇಂದು ಈ ಊರು, ನಾಳೆ ಇನ್ನೊಂದು ಊರು ಎಂದು ಚಳಿಗಾಲವಿಡೀ ಓಡಾಡುವವರು.

ನಾನೂ ಒಂದು ತಪ್ಪು ಮಾಡಿದ್ದೇನೆ, ಅದನ್ನು ಹೇಳದಿದ್ದರೆ ಮೇಲಿನ ಮಾತಿಗೆ ಅರ್ಥವಿಲ್ಲ. ಫೇರ್‌ಲೀ ಡಿಕಿನ್ಸನ್ ವಿರುದ್ಧ ಸೋತ ರಾತ್ರಿ, ಆಗ ಮೊದಲ ವರ್ಷದ ವಿದ್ಯಾರ್ಥಿಗಳಾಗಿದ್ದ ಇಬ್ಬರು ಗಾರ್ಡ್‌ಗಳ ಬಗ್ಗೆ ನಾನು ಸಾಮಾಜಿಕ ಜಾಲತಾಣದಲ್ಲಿ ಕಟುವಾಗಿ ಬರೆದೆ. ಮರುದಿನ ಅಳಿಸಿಹಾಕಿದೆ. ನನ್ನ ತಮ್ಮನಿಗಿಂತ ಚಿಕ್ಕವರು ಅವರು. ಒಂದು ವರ್ಷದ ಬಳಿಕ ಟೆನ್ನೆಸ್ಸಿಯನ್ನು 72-66ರಿಂದ ಸೋಲಿಸಿ, 1980ರ ನಂತರ ಮೊದಲ ಬಾರಿಗೆ ಅಂತಿಮ ನಾಲ್ಕಕ್ಕೆ ಹೋದಾಗ, ಅದೇ ಹುಡುಗರು ಗೆದ್ದವರ ವಾಡಿಕೆಯಂತೆ ರಿಂಗಿನ ಬಲೆ ಕತ್ತರಿಸುವುದನ್ನು ನೋಡಿ ನನಗೆ ಕಣ್ಣೀರು ಬಂತು, ಜೊತೆಗೆ ಆ ಬರಹವೂ ನೆನಪಾಯಿತು.

ವಾಬಾಷ್ ತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿರಿಯರಲ್ಲಿ ಇನ್ನೊಂದು ಪ್ರಶ್ನೆ. 2025-26ರ ಋತುವಿನಿಂದ ಪುರುಷರ ಕಾಲೇಜು ಪಂದ್ಯಗಳಲ್ಲಿ ಕೋಚ್‌ಗಳು ಕೆಲವು ತೀರ್ಪುಗಳನ್ನು ವಿಡಿಯೊ ಪರಿಶೀಲನೆಗೆ ಒಪ್ಪಿಸುವಂತೆ ಅವಕಾಶ ಕೊಟ್ಟಿದ್ದಾರಲ್ಲ. ಈ ಜಗಳ ಅದರಿಂದ ತೀರುತ್ತದೆಯೇ?

ಹಳೆಯ ಸೀಟಿ

ತೀರುವುದಿಲ್ಲ ಸರ್. ಚೆಂಡು ಕೊನೆಗೆ ಯಾರ ಕೈ ತಾಗಿ ಹೊರಹೋಯಿತು, ರಿಂಗಿನ ಮೇಲೆ ಚೆಂಡನ್ನು ಮುಟ್ಟಿದರೇ, ತಡೆದವನ ಪಾದ ರಿಂಗಿನ ಕೆಳಗಿನ ಅರೆವೃತ್ತದ ಒಳಗಿತ್ತೇ ಹೊರಗಿತ್ತೇ ಎಂಬಂತಹ ವಿಚಾರಗಳಿಗೆ ಅದು ಒಳ್ಳೆಯದು. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಬೆನ್ನಿನ ಮೇಲಿಟ್ಟ ಮುಂಗೈ ಎಷ್ಟು ಒತ್ತಿತು ಎಂಬುದು ಯಾವ ವಿಡಿಯೊದಲ್ಲಿಯೂ ಕಾಣುವುದಿಲ್ಲ. ಈಡಿಯ ಸುತ್ತಲಿನ ವಾದವೆಲ್ಲ ಆ ಒತ್ತಡದ್ದೇ.

ನಿಮ್ಮ ಭಾವನವರೊಂದಿಗೆ ಒಂದು ಕೆಲಸ ಮಾಡಿ. ನಾರ್ತ್‌ವೆಸ್ಟರ್ನ್ ಪಂದ್ಯದ ಮೊದಲರ್ಧವನ್ನು ಧ್ವನಿ ತೆಗೆದು ಹಾಕಿ. ಚೆಂಡನ್ನು ನೋಡಬೇಡಿ, ಈಡಿಯ ಸೊಂಟವನ್ನೂ ಅವನನ್ನು ತಡೆಯುವವನ ಪಾದಗಳನ್ನೂ ಮಾತ್ರ ನೋಡಿ. ಸೀಟಿ ಊದುವ ಮೊದಲೇ ವಿಡಿಯೊ ನಿಲ್ಲಿಸಿ, ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ನಿಮ್ಮ ತೀರ್ಪು ಬರೆದು, ಆಮೇಲೆ ಹೋಲಿಸಿ.

ವಾಬಾಷ್ ತೀರ

ಭಾನುವಾರ ಊಟವಾದ ಮೇಲೆ ಇಬ್ಬರೂ ಕುಳಿತು ಹಾಗೆಯೇ ಮಾಡಿದೆವು. ಮೊದಲರ್ಧ ಮುಗಿಸಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಹೆಚ್ಚಿನ ಕಡೆ ನಮ್ಮಿಬ್ಬರ ತೀರ್ಪು ಬೇರೆಯೇ ಆಗಿತ್ತು. ಆದರೆ ಸೀಟಿ ಊದದೆ ಬಿಟ್ಟ ಒಂದು ಕಡೆ ಭಾವನವರು ತಾವಾಗಿಯೇ ನಿಲ್ಲಿಸಿ, ಮೊಣಕೈ ಹೀಗಿಟ್ಟರೆ ಅದು ಫೌಲ್ ಹೌದು ಎಂದರು. ಈಡಿಗೆ ಫ್ರೀ ಥ್ರೋ ಸಿಕ್ಕ ಇನ್ನೊಂದು ಕಡೆ ತಡೆದವನ ಕೈಗಳು ನೇರವಾಗಿ ಮೇಲಕ್ಕೇ ಇದ್ದವು, ಅದು ಫೌಲ್ ಅಲ್ಲ ಎಂದು ನಾನೇ ನನ್ನ ಹಾಳೆಯಲ್ಲಿ ಬರೆದಿದ್ದೆ. ಎರಡನೆಯ ಅರ್ಧಕ್ಕೆ ಮುಂದಿನ ಭಾನುವಾರ ಕುಳಿತುಕೊಳ್ಳುತ್ತೇವೆ.